ಹರಾರೆಯ ಅಜ್ಜಿಯರ ಬೆಂಚು

ಜಿಂಬಾಬ್ವೆ ಎಂದ ಕೂಡಲೇ ನನ್ನ ವಯಸ್ಸಿನವರಿಗೆ 1983ರ ಜೂನ್ 18 ನೆನಪಾಗುತ್ತದೆ. ಇಂಗ್ಲೆಂಡಿನ ಟನ್‌ಬ್ರಿಡ್ಜ್ ವೆಲ್ಸ್ ಎಂಬ ಊರಿನಲ್ಲಿ ಆ ತಂಡದ ಎದುರು 17 ರನ್ನಿಗೆ ಐದು ವಿಕೆಟ್ ಕಳೆದುಕೊಂಡು ಕೂತಿದ್ದ ಭಾರತವನ್ನು ಕಪಿಲ್ ದೇವ್ 175 ರನ್ ಹೊಡೆದು ಮೇಲೆತ್ತಿದ ದಿನ ಅದು. ನಮ್ಮ ಕರ್ನಾಟಕದ ಸೈಯದ್ ಕಿರ್ಮಾನಿ ಇನ್ನೊಂದು ತುದಿಯಲ್ಲಿ ಔಟಾಗದೆ ಕಾದು ನಿಂತಿದ್ದರು. ಇನ್ನು ನನ್ನಂತೆ ಬ್ಯಾಂಕಿನಲ್ಲಿ ನೋಟು ಎಣಿಸಿ ಕೂದಲು ಬೆಳ್ಳಗೆ ಮಾಡಿಕೊಂಡವರಿಗೆ ಆ ದೇಶದ ಇನ್ನೊಂದು ಸಂಗತಿಯೂ ಮರೆಯುವಂಥದ್ದಲ್ಲ. 2009ರಲ್ಲಿ ಅವರು 100 ಟ್ರಿಲಿಯನ್ ಡಾಲರಿನ ಒಂದೇ ನೋಟು ಅಚ್ಚು ಹಾಕಿದರು. ಒಂದರ ಮುಂದೆ ಹದಿನಾಲ್ಕು ಸೊನ್ನೆ. ನಮ್ಮ ಲೆಕ್ಕದಲ್ಲಿ ನೂರು ಲಕ್ಷ ಕೋಟಿ! ಅಷ್ಟು ದೊಡ್ಡ ನೋಟು ಕೈಯಲ್ಲಿದ್ದರೂ ಚೀಲದ ತುಂಬ ಸಾಮಾನು ಬರುತ್ತಿರಲಿಲ್ಲ. ಜೀವಮಾನವಿಡೀ ಕೂಡಿಟ್ಟ ಉಳಿತಾಯ, ಪಿಂಚಣಿ ಎಲ್ಲವೂ ಕರಗಿ ಹೋದ ಕಾಲ ಅದು.

ಆದರೆ ಮಕ್ಕಳೇ, ನಾನು ಇವತ್ತು ಹೇಳಹೊರಟಿರುವುದು ಕ್ರಿಕೆಟ್ಟಿನ ಕಥೆಯಲ್ಲ, ನೋಟಿನ ಕಥೆಯೂ ಅಲ್ಲ. ಅದೇ ಜಿಂಬಾಬ್ವೆಯ ರಾಜಧಾನಿ ಹರಾರೆಯಲ್ಲಿ ಮರದ ನೆರಳಿನಲ್ಲಿ ಹಾಕಿದ ಒಂದು ಸಾದಾ ಬೆಂಚಿನ ಕಥೆ. ಆ ಬೆಂಚಿನ ಮೇಲೆ ಕೂರುವವರು ನಿಮ್ಮ ಅಜ್ಜಿಯಂಥ ಅಜ್ಜಿಯರು. ಅವರು ಮಾಡುವ ಕೆಲಸ, ಮನಸ್ಸು ಸೋತವರ ಮಾತು ಕೇಳುವುದು.

ಡಾ. ಡಿಕ್ಸನ್ ಚಿಬಾಂಡಾ ಆ ದೇಶದ ಮನೋವೈದ್ಯರು. ಒಂದೂಕಾಲು ಕೋಟಿಗೂ ಹೆಚ್ಚು ಜನರಿರುವ ದೇಶದಲ್ಲಿ ಆಗ ಮನೋವೈದ್ಯರೆಂದು ಇದ್ದವರು ಹತ್ತು ಹನ್ನೆರಡು ಮಂದಿ ಮಾತ್ರ. 2005ರಲ್ಲಿ ಅವರ ಬಳಿ ಚಿಕಿತ್ಸೆ ಪಡೆಯುತ್ತಿದ್ದ ಒಬ್ಬ ತರುಣಿ ದೂರದ ಊರಿನಲ್ಲಿದ್ದಳು. ಖಿನ್ನತೆ ಮತ್ತೆ ಹೆಚ್ಚಾಯಿತು. ಆಸ್ಪತ್ರೆಗೆ ಬರಬೇಕೆಂದು ವೈದ್ಯರೂ ಹೇಳಿದ್ದರು, ತಾಯಿಯೂ ಒಪ್ಪಿದ್ದಳು. ಅವರು ಬರಲಿಲ್ಲ. ಕೆಲವು ದಿನಗಳ ನಂತರ ತಾಯಿಯಿಂದ ಫೋನ್ ಬಂತು: ಮಗಳು ತನ್ನ ಜೀವವನ್ನು ತಾನೇ ಕಳೆದುಕೊಂಡಿದ್ದಳು. ಯಾಕೆ ಕರೆದುಕೊಂಡು ಬರಲಿಲ್ಲ ಎಂದು ಕೇಳಿದಾಗ ತಾಯಿ ಕೊಟ್ಟ ಉತ್ತರ, ಬಸ್ ಚಾರ್ಜಿಗೆ ಬೇಕಾಗಿದ್ದ 15 ಡಾಲರ್ ನಮ್ಮಲ್ಲಿರಲಿಲ್ಲ ಎಂದು.

ಹದಿನೈದು ಡಾಲರ್. ಈ ಅಂಕಿಯನ್ನು ಓದಿದ ಮೇಲೆ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಔಷಧವಿತ್ತು, ವೈದ್ಯರಿದ್ದರು, ಆಸ್ಪತ್ರೆಯಿತ್ತು, ಪ್ರೀತಿಸುವ ತಾಯಿಯಿದ್ದಳು. ಇಲ್ಲದ್ದು ಊರಿಂದ ಆಸ್ಪತ್ರೆಗೆ ಬರುವ ದಾರಿಯ ಖರ್ಚು ಮಾತ್ರ. ಚಿಬಾಂಡಾ ಅವರಿಗೆ ಅಂದು ಹೊಳೆದದ್ದೂ ಅದೇ. ರೋಗಿ ಆಸ್ಪತ್ರೆಗೆ ಬರಲಿ ಎಂದು ಕಾಯುತ್ತ ಕುಳಿತರೆ ಆಗದು, ಆಸ್ಪತ್ರೆಯೇ ಜನರ ಮನೆಬಾಗಿಲ ಹತ್ತಿರ ಹೋಗಬೇಕು.

ಅದೇ 2005ರಲ್ಲಿ ಸರ್ಕಾರ ಹರಾರೆ ಮುಂತಾದ ನಗರಗಳಲ್ಲಿ ಗುಡಿಸಲು, ಗೂಡಂಗಡಿಗಳನ್ನು ಕೆಡವಿಸಿತ್ತು. ಸುಮಾರು 7 ಲಕ್ಷ ಜನ ಮನೆಯನ್ನೋ ದುಡಿಮೆಯನ್ನೋ ಎರಡನ್ನೂ ಒಟ್ಟಿಗೋ ಕಳೆದುಕೊಂಡರೆಂದು ವಿಶ್ವಸಂಸ್ಥೆ ಅಂದಾಜು ಮಾಡಿತು. ಅದಕ್ಕೂ ಮೊದಲೇ ಎಚ್‌ಐವಿ ಕಾಯಿಲೆ ಮನೆಮನೆಯಲ್ಲಿ ದುಡಿಯುವ ವಯಸ್ಸಿನವರನ್ನು ಕೊಂಡೊಯ್ದಿತ್ತು. ಎಷ್ಟೋ ಮನೆಗಳಲ್ಲಿ ಅಜ್ಜಿಯೂ ಮೊಮ್ಮಕ್ಕಳೂ ಮಾತ್ರ ಉಳಿದಿದ್ದರು. ಇಂಥ ಹೊತ್ತಿನಲ್ಲಿ ಹರಾರೆಯ ಹಳೆಯ ಬಡಾವಣೆ ಎಂಬಾರೆಯಲ್ಲಿ ಏನಾದರೂ ಮಾಡಿ ಎಂದು ಚಿಬಾಂಡಾ ಅವರಿಗೆ ಸೂಚನೆ ಬಂತು. ಕೊಠಡಿ ಇಲ್ಲ, ಹಣ ಇಲ್ಲ, ನರ್ಸುಗಳಿಗೆ ಬಾಣಂತಿಯರು ಮತ್ತು ಎಚ್‌ಐವಿ ರೋಗಿಗಳನ್ನು ನೋಡಿಯೇ ಪುರಸೊತ್ತಿಲ್ಲ. ನಿಮಗೆ ಕೊಡಬಹುದಾದವರು ಇವರೇ ಎಂದು ಹದಿನಾಲ್ಕು ಮಂದಿ ಅಜ್ಜಿಯರನ್ನು ಒಪ್ಪಿಸಿದರು. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಆರೋಗ್ಯ ಇಲಾಖೆಯ ಪರವಾಗಿ ಮನೆಮನೆಗೆ ಹೋಗಿ ಬರುತ್ತಿದ್ದ ಹೆಂಗಸರು ಅವರು.

ಮನೋವೈದ್ಯರಿಗೆ ಮೊದಲು ನಿರಾಸೆಯೇ ಆಯಿತಂತೆ. ಹೆಚ್ಚು ಓದದ ಈ ಮುದುಕಿಯರಿಂದ ಖಿನ್ನತೆಯ ಚಿಕಿತ್ಸೆಯೇ? ಆದರೆ ಅಜ್ಜಿಯರು ಮೊದಲ ದಿನಗಳಿಂದಲೇ ವೈದ್ಯರಿಗೇ ಪಾಠ ಹೇಳತೊಡಗಿದರು.

ಕ್ಲಿನಿಕ್ಕಿನ ಹೊರಗೆ ಮರದಡಿ ಹಾಕಿದ ಬೆಂಚಿಗೆ ವೈದ್ಯರು ಮೊದಲು ‘ಮಾನಸಿಕ ಆರೋಗ್ಯದ ಬೆಂಚು’ ಎಂದು ಹೆಸರಿಟ್ಟಿದ್ದರು. ಯಾರೂ ಹತ್ತಿರ ಸುಳಿಯಲಿಲ್ಲ. ಸುಳಿಯುವುದಾದರೂ ಹೇಗೆ? ನಮ್ಮಲ್ಲೂ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ ‘ಇವನನ್ನು ನಿಮ್ಹಾನ್ಸಿಗೆ ಸೇರಿಸಬೇಕು’ ಎಂದು ನಗಾಡುವವರಿಲ್ಲವೇ? ದೇಶಕ್ಕೇ ಹೆಮ್ಮೆಯಾದ ಆಸ್ಪತ್ರೆಯ ಹೆಸರನ್ನು ಬೈಗುಳ ಮಾಡಿಕೊಂಡ ಜನ ನಾವು. ಅಲ್ಲಿಗೆ ಹೋಗಬೇಕಾದವರು ನಾಲ್ಕು ಜನರ ಕಣ್ಣು ತಪ್ಪಿಸಿ ಹೋಗುವಂತಾಗಿರುವುದಕ್ಕೆ ಈ ನಗೆಯೂ ಕಾರಣ. ಎಂಬಾರೆಯ ಅಜ್ಜಿಯರು, ‘ಆ ಹೆಸರು ಬೇಡ, ಸ್ನೇಹದ ಬೆಂಚು ಅನ್ನೋಣ’ ಎಂಬ ಅಭಿಪ್ರಾಯ ಕೊಟ್ಟರು. ಹೆಸರು ಬದಲಾಯಿತು, ಜನ ಬಂದರು. ಇಂಗ್ಲಿಷಿನಲ್ಲಿ ಅದು ‘ಫ್ರೆಂಡ್‌ಶಿಪ್ ಬೆಂಚ್’ ಎಂದು ಲೋಕಕ್ಕೆಲ್ಲ ಪರಿಚಯವಾಗಿದೆ.

ಕಾಯಿಲೆಯ ಹೆಸರನ್ನೂ ಅವರು ಬದಲಾಯಿಸಿದರು. ಡಿಪ್ರೆಶನ್ ಎಂಬ ಪದ ಅಲ್ಲಿನ ಜನರಿಗೆ ಏನನ್ನೂ ಹೇಳುತ್ತಿರಲಿಲ್ಲ. ಅವರ ಶೋನಾ ಭಾಷೆಯಲ್ಲಿ ‘ಕುಫುಂಗಿಸಿಸಾ’ ಎಂಬ ಮಾತಿದೆ. ಒಂದನ್ನೇ ಮನಸ್ಸಿನಲ್ಲಿ ಹಾಕಿಕೊಂಡು ಅತಿಯಾಗಿ ಯೋಚಿಸುತ್ತ ಹೋಗುವುದು ಎಂದು ಅದರ ಅರ್ಥ. ನಾವು ‘ಅವಳು ತುಂಬಾ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ’ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. ‘ನಿನಗೆ ಮಾನಸಿಕ ರೋಗವಿದೆ’ ಎಂದರೆ ಎದ್ದು ಹೋಗುವ ಮನುಷ್ಯ, ‘ಏನೋ ಮನಸ್ಸಿಗೆ ಹಚ್ಚಿಕೊಂಡ ಹಾಗಿದೆಯಲ್ಲಮ್ಮಾ’ ಎಂದರೆ ಕೂತುಕೊಳ್ಳುತ್ತಾನೆ.

ಬೆಂಚಿನ ಮೇಲೆ ನಡೆಯುವುದೇನು? ಮೊದಲು ಹದಿನಾಲ್ಕು ಪ್ರಶ್ನೆಗಳ ಒಂದು ಪಟ್ಟಿ. ಕಳೆದ ಒಂದು ವಾರದಲ್ಲಿ ಬಹಳ ಯೋಚನೆ ಮಾಡುತ್ತಿದ್ದಿರಾ, ಕೆಟ್ಟ ಕನಸು ಬಿತ್ತೇ, ಹೊಟ್ಟೆ ನೋವಿತ್ತೇ, ಅಳಬೇಕು ಅನ್ನಿಸಿತೇ, ಹೀಗೆ. ಹೌದು ಅಥವಾ ಇಲ್ಲ ಎಂದರೆ ಸಾಕು. ಹೌದು ಎಂಬ ಉತ್ತರಗಳು ಹೆಚ್ಚಾದರೆ ಅಜ್ಜಿಯ ಪಕ್ಕ ಕೂರಿಸುತ್ತಾರೆ.

ಆಮೇಲಿನದು ಮೂರು ಹೆಜ್ಜೆ. ಮೂರಕ್ಕೂ ಶೋನಾ ಹೆಸರುಗಳೇ. ಮೊದಲನೆಯದು ಕುವುರಾ ಪ್ಫುಂಗ್ವಾ, ಮನಸ್ಸು ತೆರೆಯುವುದು. ಬಂದವರು ತಮ್ಮ ಕಷ್ಟಗಳನ್ನೆಲ್ಲ ಒಂದೊಂದಾಗಿ ಹೇಳುತ್ತಾರೆ. ಗಂಡ ಕುಡಿಯುತ್ತಾನೆ, ಬಾಡಿಗೆ ಕಟ್ಟಿಲ್ಲ, ಮಗುವಿನ ಶಾಲೆಯ ಫೀಸು, ತನಗೇ ಕಾಯಿಲೆ, ಯಾರಿಗೂ ಹೇಳಿಲ್ಲ. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, ಇಷ್ಟರಲ್ಲಿ ಮೊದಲು ಕೈಹಾಕಬಹುದಾದದ್ದು ಯಾವುದು ಎಂದು ಕೇಳುತ್ತಾಳೆ. ಒಂದೇ ಒಂದನ್ನು ಆರಿಸಿಕೊಳ್ಳಬೇಕು. ಅದಕ್ಕೆ ಏನು ಮಾಡಬಹುದು ಎಂದೂ ಬಂದವರೇ ಹೇಳಬೇಕು. ಎರಡನೆಯದು ಕುಸಿಮುಡ್ಜಿರಾ, ಎತ್ತಿ ನಿಲ್ಲಿಸುವುದು. ಮೂರನೆಯದು ಕುಸಿಂಬಿಸಾ, ಬಲ ತುಂಬುವುದು. ಮುಂದಿನ ಸಲ ಬಂದಾಗ, ಅಂದುಕೊಂಡದ್ದು ಎಷ್ಟು ನಡೆಯಿತು, ಎಲ್ಲಿ ತಡೆಯಿತು ಎಂದು ವಿಚಾರಿಸುತ್ತಾರೆ. ಹೀಗೆ ಆರು ಭೇಟಿಗಳವರೆಗೆ.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಅಜ್ಜಿಯರು ವೈದ್ಯರಲ್ಲ, ಅವರೇ ಹಾಗೆ ಹೇಳಿಕೊಳ್ಳುವುದೂ ಇಲ್ಲ. ಬದುಕೇ ಬೇಡ ಎನ್ನುವವರನ್ನು, ತೀವ್ರವಾದ ಕಾಯಿಲೆಯ ಲಕ್ಷಣವಿರುವವರನ್ನು ಅವರು ತಮ್ಮ ಮೇಲ್ವಿಚಾರಕರ ಮೂಲಕ ತಜ್ಞರ ಬಳಿಗೆ ಕಳಿಸುತ್ತಾರೆ. ಬೆಂಚು ಆಸ್ಪತ್ರೆಗೆ ಬದಲಿಯಲ್ಲ. ಮಾತ್ರೆ ತೆಗೆದುಕೊಳ್ಳುತ್ತಿರುವವರು ಈ ಲೇಖನ ಓದಿ ಮಾತ್ರೆ ನಿಲ್ಲಿಸಬಾರದು, ದಯವಿಟ್ಟು.

ನನ್ನ ವಯಸ್ಸಿನ ಓದುಗರೇ, ಈ ವಿಧಾನದಲ್ಲಿ ಕಷ್ಟದ ಭಾಗ ಯಾವುದೆಂದು ನಿಮಗೆ ಗೊತ್ತಾಗಿರಬೇಕು. ಉಪದೇಶ ಮಾಡದೆ ಇರುವುದು! ಮೊಮ್ಮಗಳು ಮುಖ ಸಪ್ಪಗೆ ಮಾಡಿಕೊಂಡು ಬಂದರೆ ನಮ್ಮ ಬಾಯಿಗೆ ತಕ್ಷಣ ಬರುವುದೇನು? ‘ಇಷ್ಟಕ್ಕೆಲ್ಲ ಅಳ್ತಾರೇನೇ? ನಾವು ಮೂರು ಮೈಲಿ ನಡೆದು ಶಾಲೆಗೆ ಹೋಗ್ತಿದ್ವಿ, ಒಂದೇ ಜೊತೆ ಬಟ್ಟೆ ಇತ್ತು...’ ಇದು ಸುಳ್ಳಲ್ಲ, ನಡೆದಿದ್ದೆವು. ಆದರೆ ಆ ಮಗು ಕೇಳಿದ್ದು ನಮ್ಮ ಮೂರು ಮೈಲಿಯ ಕಥೆಯನ್ನಲ್ಲ. ಹರಾರೆಯ ಅಜ್ಜಿಯರಿಗೆ ಕೊಡುವ ತರಬೇತಿಯಲ್ಲಿ ಹೆಚ್ಚಿನ ಪಾಲು ಇದಕ್ಕೇ ಹೋಗುವುದು ನನಗೆ ಸರಿಯಾಗಿಯೇ ಕಾಣುತ್ತದೆ. ಕೇಳಿಸಿಕೊಳ್ಳಬೇಕು, ಕೇಳಿಸಿಕೊಂಡದ್ದನ್ನು ಮತ್ತೆ ಹೇಳಿ ‘ಹೀಗೇ ತಾನೆ?’ ಎಂದು ಖಚಿತ ಮಾಡಿಕೊಳ್ಳಬೇಕು, ಪರಿಹಾರವನ್ನು ಅವರ ಬಾಯಿಂದಲೇ ಬರುವಂತೆ ಮಾಡಬೇಕು. ಹಾಗೆಂದು ಅಜ್ಜಿತನವನ್ನು ಮನೆಯಲ್ಲಿ ಬಿಟ್ಟು ಬರಬೇಕಾಗಿಲ್ಲ. ಗಾದೆಮಾತು, ಪ್ರಾರ್ಥನೆ, ಊರಿನ ನುಡಿಗಟ್ಟು ಎಲ್ಲವೂ ಅಲ್ಲಿ ಬರುತ್ತವೆ.

ನಮ್ಮ ಅರಳಿಕಟ್ಟೆಯೂ ಇದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಅಲ್ಲ ಎನ್ನುತ್ತೇನೆ. ಅರಳಿಕಟ್ಟೆಯಲ್ಲಿ ಆಡಿದ ಮಾತು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಅಜ್ಜಿಯ ಬೆಂಚಿನಲ್ಲಿ ಆಡಿದ ಮಾತು ಅಲ್ಲೇ ಉಳಿಯುತ್ತದೆ. ಬ್ಯಾಂಕಿನಲ್ಲಿ ಗ್ರಾಹಕರ ಖಾತೆಯ ವಿವರವನ್ನು ಇನ್ನೊಬ್ಬರಿಗೆ ಹೇಳಬಾರದೆಂದು ನಮಗೆ ಮೊದಲ ದಿನವೇ ಕಲಿಸುತ್ತಿದ್ದರು. ಮನಸ್ಸಿನ ಖಾತೆಗೂ ಅದೇ ನಿಯಮ.

ಬ್ಯಾಂಕಿನ ಮಾತು ಬಂದದ್ದಕ್ಕೆ ಇನ್ನೊಂದು ನೆನಪು. ಪ್ರತಿ ತಿಂಗಳ ಮೊದಲ ವಾರ ಪಿಂಚಣಿಯವರು ಬರುತ್ತಿದ್ದರು, ಸರಿ. ಆದರೆ ತಿಂಗಳ ನಡುವೆಯೂ ಕೆಲವರು ಪಾಸ್‌ಬುಕ್ ಹಿಡಿದು ಬರುತ್ತಿದ್ದರು. ಎಂಟ್ರಿ ಮಾಡಲು ಏನೂ ಇರುತ್ತಿರಲಿಲ್ಲ. ಹಿಂದಿನ ಸಲ ಬಂದ ಮೇಲೆ ಒಂದು ರೂಪಾಯಿ ಹೋಗಿರುವುದಿಲ್ಲ, ಬಂದಿರುವುದಿಲ್ಲ. ಆದರೂ ಪುಸ್ತಕ ಚಾಚಿ, ‘ಒಂದ್ಸಲ ನೋಡಿ ಸಾರ್’ ಎನ್ನುತ್ತಿದ್ದರು. ಆಮೇಲೆ ಮಗ ಫೋನ್ ಮಾಡಿಲ್ಲ, ಮಂಡಿನೋವು, ಮನೆಯ ಮುಂದಿನ ತೆಂಗಿನ ಮರಕ್ಕೆ ರೋಗ ಎಂದು ಎರಡು ಮಾತಾಡಿ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತು, ಫ್ಯಾನಿನ ಗಾಳಿ ತೆಗೆದುಕೊಂಡು ಹೋಗುತ್ತಿದ್ದರು. ಈಗ ಪಾಸ್‌ಬುಕ್ಕಿಗೆ ಯಂತ್ರ ಬಂದಿದೆ. ಕೆಲಸ ಬೇಗ ಆಗುತ್ತದೆ. ಅವರೆಲ್ಲ ಈಗ ಎಲ್ಲಿ ಹೋಗಿ ಎರಡು ಮಾತಾಡುತ್ತಾರೋ!

ಇನ್ನು ಲೆಕ್ಕಕ್ಕೆ ಬರೋಣ. ಅಜ್ಜಿಯರ ಮಾತಿನಿಂದ ನಿಜವಾಗಿ ಗುಣವಾಗುತ್ತದೆಯೇ ಅಥವಾ ಇದು ಕೇಳಲು ಚೆಂದದ ಕಥೆಯೇ? ಚಿಬಾಂಡಾ ಮತ್ತು ಅವರ ಸಂಗಡಿಗರು ಹರಾರೆಯ 24 ಕ್ಲಿನಿಕ್ಕುಗಳಲ್ಲಿ 573 ಮಂದಿಯನ್ನು ಇಟ್ಟುಕೊಂಡು ಪರೀಕ್ಷೆ ಮಾಡಿದರು. ಅರ್ಧದಷ್ಟು ಕ್ಲಿನಿಕ್ಕುಗಳಲ್ಲಿ ಬೆಂಚಿನ ಚಿಕಿತ್ಸೆ, ಉಳಿದವುಗಳಲ್ಲಿ ಎಂದಿನ ಚಿಕಿತ್ಸೆಯ ಜೊತೆಗೆ ತಿಳಿವಳಿಕೆ. ಆರು ತಿಂಗಳ ನಂತರ ನೋಡಿದರೆ, ಎಂದಿನ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 50 ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳು ಉಳಿದಿದ್ದವು. ಬೆಂಚಿನ ಮೇಲೆ ಕೂತವರಲ್ಲಿ ಅಂಥವರು ನೂರಕ್ಕೆ 14 ಮಾತ್ರ. 2016ರಲ್ಲಿ ಇದು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಪತ್ರಿಕೆ ಯಾರದೋ ಕಥೆಯನ್ನು ಸುಮ್ಮನೆ ಅಚ್ಚು ಹಾಕುವಂಥದ್ದಲ್ಲ.

ಆರು ಭೇಟಿ ಮುಗಿದ ಮೇಲೆ ಬಂದವರನ್ನು ಹಾಗೆಯೇ ಬಿಡುವುದಿಲ್ಲ. ‘ಕುಬಾಟಾನಾ ಟೋಸೆ’ ಎಂಬ ಕೂಟಗಳಿವೆ; ಎಲ್ಲರೂ ಕೈ ಹಿಡಿದುಕೊಳ್ಳೋಣ ಎಂದರ್ಥ. ಬೆಂಚಿನಿಂದ ಎದ್ದು ಬಂದವರು ಅಲ್ಲಿ ಸುತ್ತ ಕೂರುತ್ತಾರೆ, ಹಳೆಯ ಪ್ಲಾಸ್ಟಿಕ್ಕಿನಿಂದ ಚೀಲ ಹೆಣೆಯುತ್ತಾರೆ, ಹೆಣೆಯುತ್ತ ಮಾತಾಡುತ್ತಾರೆ. ಚೀಲ ಮಾರಿದರೆ ಕೈಗೆ ನಾಲ್ಕು ಕಾಸು. ಮನಸ್ಸಿನ ಭಾರಕ್ಕೂ ಖಾಲಿ ಪರ್ಸಿಗೂ ಇರುವ ಸಂಬಂಧವನ್ನು ಇವರು ಮರೆತಿಲ್ಲ ಎಂಬುದು ನನಗೆ ಬಹಳ ಹಿಡಿಸಿತು. ನಮ್ಮ ಸ್ವಸಹಾಯ ಸಂಘದ ಹೆಂಗಸರನ್ನು ಕೇಳಿ ನೋಡಿ, ವಾರದ ಸಭೆಗೆ ಬರುವುದು ಸಾಲದ ಕಂತು ಕಟ್ಟುವುದಕ್ಕೆ ಮಾತ್ರವಲ್ಲ ಎನ್ನುತ್ತಾರೆ.

ಇಷ್ಟೊಂದು ದುಃಖ ಕೇಳಿದ ಅಜ್ಜಿಯರ ಗತಿ ಏನು? ಅವರೇ ಸೋತು ಹೋಗುವುದಿಲ್ಲವೇ? ಸಂಶೋಧಕರಿಗೂ ಈ ಅನುಮಾನ ಬಂದು ಅಜ್ಜಿಯರನ್ನೇ ವಿಚಾರಿಸಿದ್ದಾರೆ. ಈ ಕೆಲಸದಿಂದ ತಮ್ಮ ಬದುಕಿಗೊಂದು ಅರ್ಥ ಬಂದಿದೆ, ತಮ್ಮವರು ಎನ್ನುವ ಬಳಗ ಸಿಕ್ಕಿದೆ ಎಂದು ಅವರು ಹೇಳಿದರು. ನಿವೃತ್ತಿಯಾದ ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲಿಗೂ ಹೋಗಬೇಕಾಗಿಲ್ಲವಲ್ಲ ಎಂದು ಗಡಿಯಾರ ನೋಡುತ್ತ ಕುಳಿತವರಿಗೆ ಈ ಉತ್ತರದ ಬೆಲೆ ಗೊತ್ತು.

ಈ ಆಫ್ರಿಕಾದ ಬೆಂಚಿಗೂ ನಮ್ಮ ಕಡೆಗೂ ಒಂದು ಕೊಂಡಿಯಿದೆ. ಆ ಹದಿನಾಲ್ಕು ಪ್ರಶ್ನೆಗಳ ಪಟ್ಟಿ ಇದೆಯಲ್ಲ, ಅದನ್ನು ತಯಾರಿಸುವುದರಲ್ಲಿ ಮುಂದಿದ್ದವರು ಮುಂಬಯಿಯಲ್ಲಿ ಹುಟ್ಟಿದ ಡಾ. ವಿಕ್ರಮ್ ಪಟೇಲ್. 1990ರ ದಶಕದಲ್ಲಿ ಅವರು ಹರಾರೆಯಲ್ಲಿ ಕೆಲಸ ಮಾಡಿದರು. ಕ್ಲಿನಿಕ್ಕಿಗೆ ಬರುವವರ ಜೊತೆಗೆ ನಾಟಿ ವೈದ್ಯರ ಬಳಿ ಹೋಗುವವರನ್ನೂ ಮಾತಾಡಿಸಿ, ಜನ ತಮ್ಮ ಸಂಕಟವನ್ನು ತಮ್ಮ ನುಡಿಯಲ್ಲಿ ಹೇಗೆ ಹೇಳುತ್ತಾರೆ ಎಂದು ಕಿವಿಗೊಟ್ಟು ಕೇಳಿ ಪ್ರಶ್ನೆಗಳನ್ನು ಕಟ್ಟಿದರು. ಮುಂದೆ ಅವರು ನಮ್ಮ ಕಾರವಾರದ ಪಕ್ಕದ ಗೋವಾಕ್ಕೆ ಬಂದು, 1996ರಲ್ಲಿ ಸಂಗಡಿಗರೊಂದಿಗೆ ‘ಸಂಗಾತ್’ ಎಂಬ ಸಂಸ್ಥೆ ಕಟ್ಟಿದರು. ವೈದ್ಯರಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು ಖಿನ್ನತೆ ಇರುವವರಿಗೆ ನೆರವಾಗಬಹುದು ಎಂಬುದನ್ನು ಅಲ್ಲಿಯೂ ಪರೀಕ್ಷಿಸಿ ತೋರಿಸಿದರು. ಒಂದು ವಿಚಾರ ಆಫ್ರಿಕಾದಿಂದ ಏಷ್ಯಾಕ್ಕೆ, ಏಷ್ಯಾದಿಂದ ಆಫ್ರಿಕಾಕ್ಕೆ ಹೀಗೆ ಓಡಾಡಿದೆ. ಲಂಡನ್ನು, ನ್ಯೂಯಾರ್ಕಿನಿಂದಲೇ ಎಲ್ಲವೂ ಬರಬೇಕೆಂದಿಲ್ಲ.

ನಮ್ಮಲ್ಲೂ ಹಿರಿಯರು ಈ ದಾರಿಯಲ್ಲಿ ನಡೆದಿದ್ದಾರೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಅವರು ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು. 1970ರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಹಳ್ಳಿಯ ಜನರ ನಡುವೆ ಕೆಲಸ ಶುರುಮಾಡಿದರು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ಬಳ್ಳಾರಿ ಎಂದರೆ ಗಣಿ ಮತ್ತು ಬಿಸಿಲು ಎಂದಷ್ಟೇ ಓದಿಕೊಂಡಿರುವ ಮಕ್ಕಳು ಇದನ್ನೂ ಸೇರಿಸಿಕೊಳ್ಳಲಿ. ಇಷ್ಟೆಲ್ಲ ಆದರೂ ಮಾಡಬೇಕಾದದ್ದು ಬೇಕಾದಷ್ಟಿದೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ನೂರು ವಯಸ್ಕರಲ್ಲಿ ಹತ್ತಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಒಂದು ಮದುವೆ ಊಟದ ಪಂಕ್ತಿಯನ್ನು ಕಣ್ಣ ಮುಂದೆ ತಂದುಕೊಳ್ಳಿ, ಲೆಕ್ಕ ತಿಳಿಯುತ್ತದೆ.

ಅಜ್ಜಿಯರ ಬೆಂಚು ಈಗ ಜಿಂಬಾಬ್ವೆಯ ಗಡಿ ದಾಟಿದೆ. ಮಲಾವಿ ದೇಶಕ್ಕೆ, ಜಾಂಜಿಬಾರ್ ದ್ವೀಪಕ್ಕೆ ಹೋಯಿತು. ನ್ಯೂಯಾರ್ಕ್ ನಗರದಲ್ಲಿ ಕಿತ್ತಳೆ ಬಣ್ಣದ ಬೆಂಚುಗಳಾಗಿ ಬೀದಿಗೆ ಬಂತು. ಅಲ್ಲಿ ಕೂತು ಕೇಳಿದವರು, ತಾವೇ ಒಮ್ಮೆ ಇಂಥ ಕಷ್ಟದಿಂದ ಎದ್ದು ಬಂದವರು. ವಾಷಿಂಗ್ಟನ್ನಿನಲ್ಲಿ ಕರಿಯ ಜನಾಂಗದ ಹಿರಿಯರು ತಮ್ಮ ಬಡಾವಣೆಯವರಿಗಾಗಿ ಈ ತರಬೇತಿ ಪಡೆದರು. 2022ರಲ್ಲಿ ಕತಾರಿನಲ್ಲಿ ವಿಶ್ವಕಪ್ ಫುಟ್‌ಬಾಲ್ ನಡೆದಾಗ ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ 32 ಸ್ನೇಹದ ಬೆಂಚುಗಳನ್ನು ಇಟ್ಟರು, ಆಡಲು ಬಂದ ಒಂದೊಂದು ದೇಶಕ್ಕೆ ಒಂದೊಂದು. ಆ ವಿಶ್ವಕಪ್ಪಿನಲ್ಲಿ ಜಿಂಬಾಬ್ವೆ ಇರಲಿಲ್ಲ. ಆದರೆ ಅದರ ಅಜ್ಜಿಯರ ಬೆಂಚಿತ್ತು!

ಮಕ್ಕಳೇ, ವಿದೇಶದ ಕೆಲವು ಶಾಲೆಗಳಲ್ಲಿ ಆಟದ ಬಯಲಿನ ಅಂಚಿಗೆ ಮಕ್ಕಳಿಗೂ ಒಂದು ಬೆಂಚು ಇಟ್ಟಿರುತ್ತಾರೆ. ಜೊತೆಗೆ ಆಡಲು ಯಾರೂ ಇಲ್ಲದ ಮಗು ಅದರ ಮೇಲೆ ಕೂರುತ್ತದೆ. ನೋಡಿದ ಬೇರೆ ಮಕ್ಕಳು ಬಂದು ‘ಬಾ, ಆಡೋಣ’ ಎಂದು ಕರೆಯಬೇಕು. ನಿಮ್ಮ ಶಾಲೆಯಲ್ಲಿ ಬೆಂಚು ಇಲ್ಲದಿದ್ದರೂ ನೀರಿನ ನಲ್ಲಿಯ ಪಕ್ಕ, ಮೆಟ್ಟಿಲ ಮೇಲೆ, ಊಟದ ಡಬ್ಬಿ ಹಿಡಿದು ಒಬ್ಬರೇ ಕೂರುವವರು ಇದ್ದೇ ಇರುತ್ತಾರೆ. ಗೆಳೆಯನೊಬ್ಬ ‘ಯಾರಿಗೂ ಹೇಳಬೇಡ’ ಎಂದು ತನ್ನ ಸಂಕಟ ಹೇಳಿಕೊಂಡು, ಅದರಲ್ಲಿ ಜೀವಕ್ಕೆ ಅಪಾಯವಾಗುವ ಮಾತು ಬಂದರೆ, ಅದನ್ನು ಮಾತ್ರ ಗುಟ್ಟಾಗಿ ಇಟ್ಟುಕೊಳ್ಳಬೇಡಿ. ಅಮ್ಮನಿಗೋ ಟೀಚರಿಗೋ ಅಜ್ಜನಿಗೋ ಆ ದಿನವೇ ಹೇಳಿ. ಹರಾರೆಯ ಅಜ್ಜಿಯರೂ ಹಾಗೆಯೇ ಮಾಡುತ್ತಾರೆಂದು ಮೇಲೆ ಓದಿದಿರಲ್ಲ.

ಬಸ್ ಚಾರ್ಜು ಬೇಕಾಗದ ದಾರಿಯೊಂದು ಈಗ ನಮ್ಮ ದೇಶದಲ್ಲಿದೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಕೇಂದ್ರ ಸರ್ಕಾರ ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆ ಆರಂಭಿಸಿತು. ಅದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಸಂಖ್ಯೆ 14416. ಅದು ಸಿಗದಿದ್ದರೆ 1800-891-4416. ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಯಾವಾಗ ಬೇಕಾದರೂ. ಮಕ್ಕಳಿಗೆಂದೇ ಇರುವ ಸಹಾಯವಾಣಿ 1098. ಎರಡಕ್ಕೂ ದುಡ್ಡಿಲ್ಲ. ನಮ್ಮ ಮನೆಯಲ್ಲಿ ಗ್ಯಾಸ್ ಏಜೆನ್ಸಿ ಮತ್ತು ಲೈನ್‌ಮನ್ ನಂಬರಿನ ಕೆಳಗೆ, ಅಡುಗೆಮನೆಯ ಕ್ಯಾಲೆಂಡರಿನ ಮೇಲೆ, ಈ ಎರಡನ್ನೂ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ.